ಹಳೆ ಬಾಕಿ

ಐದನೆಯ ತಾರೀಕು ನನ್ನದು, ಇಪ್ಪತ್ತನೆಯದು ಲುದ್ವಿಕ್‌ನದು.
ಅಂಚೆಯವ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬರುತ್ತಾನೆ,
ಒರೆಸಿಟ್ಟ ಅಡುಗೆಮನೆಯ ಮೇಜಿನ ಮೇಲೆ
ಬೆರಳಿಗೆ ಉಗುಳು ತಾಗಿಸಿ ಎರಡು ಸಲ ಎಣಿಸುತ್ತಾನೆ ಪಿಂಚಣಿ.
ಕೊನೆಯ ಚಿಲ್ಲರೆ ಅವನಿಗೇ. ಅದಕ್ಕೂ ಒಂದು ಬಾಬ್ತು ಉಂಟು:
‘ಮೆಟ್ಟಿಲು’ ಎಂದು ಬರೆಯುತ್ತಾನೆ ನನ್ನ ಗಂಡ.

ಬ್ಯಾಂಕಿಗೆ ಹಾಕಿಸಿಕೊಳ್ಳಿ ಗೆನ್ಯಾ ಅಜ್ಜಿ, ಎನ್ನುತ್ತಾಳೆ ಕೆಳಮನೆಯ ಹುಡುಗಿ,
ಖರ್ಚೆಲ್ಲ ಫೋನಿನಲ್ಲೇ ಕಾಣುತ್ತೆ, ಬಣ್ಣಬಣ್ಣದ ಚಕ್ರ ಬರುತ್ತೆ.
ಕಾಣುವುದಕ್ಕಲ್ಲ ಮಗಳೇ ಲೆಕ್ಕ.
ಕಾದಾಡುವುದಕ್ಕೆ.

ಚೌಕುಳಿ ಹಾಳೆಯ ಶಾಲೆ ಪುಸ್ತಕ, ಇದು ಹನ್ನೊಂದನೆಯದು.
ಈ ವೂಚ್ ಪಟ್ಟಣದಲ್ಲಿ ನಲವತ್ತು ವರ್ಷ ಟ್ರಾಮ್ ಓಡಿಸಿದವನ ಅಕ್ಷರ
ಇಂದಿಗೂ ಹಳಿ ಬಿಟ್ಟು ಆಚೀಚೆ ಹೋಗುವುದಿಲ್ಲ.
ರೈ ರೊಟ್ಟಿ, ಬೀಟ್‌ರೂಟು ಎರಡು ಕಿಲೊ,
ಬಿ.ಪಿ. ಗುಳಿಗೆ ನನಗೆ, ಬಿ.ಪಿ. ಗುಳಿಗೆ ತನಗೆ,
ನವೆಂಬರ್ ಆದ್ದರಿಂದ ಗೋರಿಗಳಿಗೆ ಮೂರು ಮೇಣದ ದೀಪ.
ಮನೆ ಬಿಸಿ ಮಾಡುವ ಬಿಲ್ಲಿನ ಕೆಳಗೆ ಮಾತ್ರ
ಎರಡು ಗೆರೆ, ಪೆನ್ಸಿಲು ಮುರಿಯುವಷ್ಟು ಒತ್ತಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ನಮ್ಮದು ಮಡಚುವ ಸೋಫಾ, ಅವನ ಕಾಲು ಉದ್ದ.

ಎಲ್ಲ ಅರ್ಧರ್ಧ. ಅರ್ಧವೆಂದರೆ ಸಮವೆಂದು ನಂಬಿದ್ದೆವು ಇಬ್ಬರೂ.
ಆ ಬಿಲ್ಲು ಕಟ್ಟಿದ ಮೇಲೆ ಅವನಲ್ಲಿ ಉಳಿದದ್ದು ಒಂಬೈನೂರು ಝ್ಲೋಟಿ,
ನನ್ನಲ್ಲಿ ಅರವತ್ತು.
ಚಳಿಗೆ ಒಂದು ಜೊತೆ ಬೂಟು ಬೇಕಿತ್ತು.
ಎಪ್ಪತ್ನಾಲ್ಕರ ಹೆಂಗಸು ಕೈಯೊಡ್ಡಿ ಕೇಳಿದೆ.
ತಗೋ, ಅದಕ್ಕೇನಂತೆ, ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ.
ಆ ‘ತಗೋ’ವನ್ನು ಜಮಾ ಹಿಡಿಯಲೋ, ಖರ್ಚಿಗೆ ಬರೆಯಲೋ?

ಗಿರಣಿಯಲ್ಲಿ ಕಡಿದ ನೂಲಿಗೆ ಗಂಟು ಹಾಕುವುದು ನನ್ನ ಕೆಲಸವಾಗಿತ್ತು.
ಮೂರು ಬಾಣಂತನ, ಆರು ವರ್ಷ,
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬಿಳಿ.
ಆ ಬಿಳಿಯನ್ನೇ ಪಿಂಚಣಿ ಕಚೇರಿ ತಿಂಗಳು ತಿಂಗಳೂ ಕಳೆಯುತ್ತದೆ.
ಆ ಆರು ವರ್ಷ ನಿನ್ನ ಡಬ್ಬಿ ಕಟ್ಟಿದವಳು ಯಾರು, ಕೇಳಿಯೇಬಿಟ್ಟೆ,
ದನಿ ಕೆಳಮನೆಗೂ ಮುಟ್ಟಿತೇನೋ.
ಅವನು ಟೋಪಿ ಹಾಕಿಕೊಂಡು ಹೋಗಿ
ಟ್ರಾಮ್ ನಿಲ್ದಾಣದಲ್ಲಿ ಕೂತ, ಯಾವುದನ್ನೂ ಹತ್ತದೆ.

ನಾಲ್ಕು ದಿನ ಪುಸ್ತಕವೇ ಮಾತಾಡಿತು.
ಹಾಲು, ಎಂದು ಅವನು ಬರೆದ.
ಮೊಸರು, ಎಂದು ಕೆಳಗೆ ನಾನು.
ಬಲ್ಬು, ಎಂದ.
ನಾನು ಉತ್ತರ ಕೊಡಲಿಲ್ಲ.

ಐದನೆಯ ಬೆಳಿಗ್ಗೆ ನೋಡಿದರೆ ಕೆಂಪು ಪೆನ್ಸಿಲಿನ ಹೊಸ ಕಾಲಮ್ಮು:
‘ಹಳೆ ಬಾಕಿ, ಗೆನೊವೇಫಾಗೆ ಸಲ್ಲತಕ್ಕದ್ದು.’
ನನ್ನ ಪೂರ್ತಿ ಹೆಸರು, ಮದುವೆಯ ಕಾಗದದಲ್ಲಿದ್ದ ಹಾಗೆ.
ತಿಂಗಳಿಗೆ ಇನ್ನೂರು, ಎಪ್ಪತ್ತೆರಡು ಕಂತು.
ತೀರುವಾಗ ನನಗೆ ಎಂಬತ್ತು, ಅವನಿಗೆ ಎಂಬತ್ತಮೂರು.
ಬಡ್ಡಿ? ಅಂದೆ.
ನಿಜವಾಗಿಯೂ ಯೋಚಿಸತೊಡಗಿದ ಮನುಷ್ಯ,
ಚಹಾದ ನೀರು ಉಕ್ಕಿ ಒಲೆ ಆರುವ ತನಕ.

ಬೂಟು ಕೊಂಡೆ. ಬೆಲೆಯನ್ನು ನಾನೇ ಬರೆದೆ, ದಪ್ಪಗೆ.

ಈಗ ರಾತ್ರಿ ಹತ್ತು. ಶಿಲ್ಕು ತಾಳೆಯಾಗುತ್ತಿಲ್ಲ,
ಎರಡು ಝ್ಲೋಟಿ ಎಪ್ಪತ್ತು ಗ್ರೋಷ್ ಎಲ್ಲೋ ಸೋರಿದೆ.
ಒಂಬತ್ತಕ್ಕೆ ನಾಲ್ಕು ಸೇರಿ ಹದಿಮೂರು,
ಮೂರು ಬರೆದು ಒಂದು ದಶಕ, ಎನ್ನುತ್ತ
ಮತ್ತೆ ಮೇಲಿನಿಂದ ಇಳಿಯುತ್ತಿದ್ದಾನೆ ಲುದ್ವಿಕ್, ಕನ್ನಡಕ ಮೂಗಿನ ತುದಿಗೆ.

ಅದು ಎಲ್ಲಿ ಹೋಯಿತೆಂದು ನನಗೆ ಗೊತ್ತು.
ಮಂಗಳವಾರ, ಹೊಸ ಬೂಟಿನಲ್ಲಿ, ಬೇಕರಿಯ ಬಾಗಿಲಲ್ಲೇ ನಿಂತು
ಒಂದು ಗಸಗಸೆ ಬನ್ನು, ಒಬ್ಬಳೇ.
ಕೈಗವಸಿನೊಳಗೆ ಇನ್ನೂ ಒಂದೆರಡು ಕಾಳು ಇರಬಹುದು.

ಹುಡುಕಲಿ.